ಭಾವನ ಸಾಲು

ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಕರೆಂಟು ಇದ್ದಾಗ ಮಾತ್ರ ಬಾಯಿ ಬಿಡುವ ಕಂಪ್ಯೂಟರುಗಳೇ, ಇಂದು ನಾವೆಲ್ಲ ಒಬ್ಬ ಮಹನೀಯರನ್ನು ನೆನೆಯಲು ಇಲ್ಲಿ ನೆರೆದಿದ್ದೇವೆ. ನೆರೆದಿರುವುದು ನಾನೊಬ್ಬನೇ. ಗುಂಡ್ಲುಪೇಟೆಯ ನನ್ನ ಟೈಪಿಂಗ್ ಇನ್ಸ್‌ಟಿಟ್ಯೂಟಿಗೆ ಭಾನುವಾರ ರಜೆ.

ಪ್ರೀತಿಯ ಭಾವ,

"ಶುರು ಮಾಡ್ದಾ ನಿನ್ನ ಭಾಷಣ" ಅನ್ನುತ್ತಿದ್ದಿರಿ, ಇದ್ದಿದ್ದರೆ. ನೀವು ಹೋಗಿ ವರ್ಷವಾಗುತ್ತಾ ಬಂತು. ಅಕ್ಕ ಚೆನ್ನಾಗಿದ್ದಾಳೆ. ನಿಮ್ಮ ಕಂಪ್ಯೂಟರಿಗೆ ಕಸೂತಿ ಬಟ್ಟೆ ಹೊದಿಸಿದ್ದಾಳೆ. ಮೇಲೊಂದು ಹೂದಾನಿ ಇಡಲು ಮಾತ್ರ ನಾನು ಬಿಟ್ಟಿಲ್ಲ.

ಚಾಮರಾಜನಗರದ ನಿಮ್ಮ ಹಜಾರದಲ್ಲಿ ನಾವು ಮೊದಲು ಕೂತ ಭಾನುವಾರ ನೆನಪಾಗುತ್ತದೆ. ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದ ನೀವು, ಕನ್ನಡ ಅಕ್ಷರಗಳನ್ನು ಪರದೆಗೆ ತರುವ ಲೈಬ್ರರಿಯೊಂದನ್ನು ಬರೆದಿದ್ದಿರಿ. ಯಾರ ಪ್ರೋಗ್ರಾಮು ಬೇಕಾದರೂ ಅದನ್ನು ಎರವಲು ಪಡೆಯಬಹುದಿತ್ತು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜು. ನೀವು ಹೇಳುವುದು, ನಾನು ಟೈಪು ಮಾಡುವುದು. ಅದು ಡಾಸಿನಲ್ಲೂ, ವಿಂಡೋಸಿನಲ್ಲೂ, ಕಾಲೇಜಿನ ಯುನಿಕ್ಸ್ ಯಂತ್ರದಲ್ಲೂ ತಯಾರಾಗಬೇಕು. ಅದಕ್ಕೊಂದು ಮೇಕ್ ಫೈಲು. "ಮೇಕ್ ಫೈಲು ಅಂದ್ರೆ ಅಡುಗೆಯವನಿಗೆ ಕೊಡೋ ಚೀಟಿ ಕಣ್ಲಾ. ಮೂರು ಮನೆ, ಮೂರು ಒಲೆ, ಸಾರು ಮಾತ್ರ ಒಂದೇ ರುಚಿ ಬರ್ಬೇಕು." ಕನ್ನಡ ಮೀಡಿಯಮ್ಮಿನ ಬಿ.ಎ. ಆದ ನನಗೆ ಅಷ್ಟು ಸಾಕಾಯಿತು. ಯಂತ್ರ ಓದದೆ ದಾಟಿಹೋಗುವ ಟಿಪ್ಪಣಿಯ ಜಾಗದಲ್ಲಿ, ಇಂಗ್ಲಿಷ್ ಅಕ್ಷರದಲ್ಲೇ, ನನ್ನದೊಂದು ಪದ ಸೇರಿಸಿದೆ:

ಡಾಸಿಗೊಂದು ಸಾಲು, ವಿಂಡೋಸಿಗೊಂದು ಸಾಲು,
ಯುನಿಕ್ಸಿನ ಮನೆಯಲ್ಲಿ ಕೇಳಬೇಡ ಪಾಲು.

"ಪದ ಕಟ್ಟೋದ್ ಬುಡು, ಟೈಪ್ ಮಾಡ್ಲಾ" ಅಂದಿರಿ. ಅಳಿಸು ಅನ್ನಲಿಲ್ಲ.

ಯುನಿಕ್ಸು ನಮ್ಮ ಚೀಟಿಯನ್ನು ಓದದೆ ಎಸೆದದ್ದು ನೆನಪಿದೆಯೇ? ಉಳಿದ ಎರಡು ಒಲೆಯಲ್ಲಿ ಸರಿಯಾಗಿ ಬೇಯುತ್ತಿದ್ದದ್ದು ಅಲ್ಲಿ ಮೊದಲ ಆಜ್ಞೆಗೇ ನಿಲ್ಲುತ್ತಿತ್ತು. ಮೂರು ಭಾನುವಾರ ಕಾಲೇಜಿನ ಲ್ಯಾಬಿನಲ್ಲಿ ಕೂತೆವು. "ನಂಗೇ ವಯಸ್ಸಾಯ್ತು ಕಣ್ಲಾ. ತಲೆ ಓಡಲ್ಲ. ನಿಲ್ಲಿಸ್ಬುಡನ" ಅಂದಿರಿ. ಅಷ್ಟು ಸಣ್ಣ ದನಿಯಲ್ಲಿ ನೀವು ಎಂದಾದರೂ...

ನಾಲ್ಕನೆಯ ಭಾನುವಾರ ಹೊಸ ಸಾಲೊಂದನ್ನು ಹೇಳಿ ಬರೆಸಿದಿರಿ: ಎಲ್ಲ ಫೈಲುಗಳನ್ನೂ ಮೊದಲು ಆ ಯಂತ್ರದ ಇನ್ನೊಂದು ಕಪಾಟಿಗೆ, ಅಂದರೆ ಡೈರೆಕ್ಟರಿಗೆ, ನಕಲು ಮಾಡಿಕೊಂಡು, ಆಮೇಲೆ ಕೆಲಸ ಶುರು ಮಾಡು. ಶುರುವಾಯಿತು, ಮುಗಿಯಿತು. "ನೋಡ್ದಾ, ನಕಲು ಮಾಡ್ಕಂಡಿದ್ಕೆ ಆಯ್ತು." ಆ ಮುಖ ನೋಡಿದೆ. "ಯಾರ್ಗ್ ಬತ್ತದೆ ಭಾವ ಇಂಥ ತಲೆ" ಅಂದೆ. ಮನೆಗೆ ಬಂದು ಸಕ್ಕರೆ ಹಾಕಿದ ಕಾಫಿಯನ್ನೇ ಕೇಳಿದಿರಿ. ಅಕ್ಕ ಅರ್ಧ ಚಮಚಕ್ಕೆ ಒಪ್ಪಿದಳು. ನೀವು ಹೋದ ಮೇಲೆ ಆ ಸಾಲಿನ ನೆತ್ತಿಗೆ ಬರೆದೆ:

ಭಾವ ಬರೆದ ಸಾಲಿದು, ಮುಟ್ಟಬೇಡ ತಮ್ಮ,
ಮುಟ್ಟಿದರೆ ಬೈಯುವಳು ನಮ್ಮ ಅಕ್ಕಮ್ಮ.

ಹೋದ ತಿಂಗಳು, ನಮ್ಮಲ್ಲಿ ಕಂಪ್ಯೂಟರ್ ಹೇಳಿಕೊಡುವ ಮಂಗಳ, ಪತ್ರಿಕೆಯ ಜೊತೆ ಬಂದ ಸಿ.ಡಿ.ಯಿಂದ ಲಿನಕ್ಸ್ ಹಾಕಿದಳು. ಯುನಿಕ್ಸಿಗೆ ತಮ್ಮನಾಗಬೇಕಂತೆ. ನಿಮ್ಮ ಲೈಬ್ರರಿ ಅದರಲ್ಲೂ ತಯಾರಾಗಲೇಬೇಕೆಂದು ಅವಳ ಹಟ. ಸರಿಯಾಗಿ ನಿಮ್ಮ ಸಾಲಿಗೆ ಬಂದು ನಿಂತಿತು. ಕಾಲೇಜಿನ ಆ ಡೈರೆಕ್ಟರಿ ಇಲ್ಲೆಲ್ಲಿ ಬರಬೇಕು?

"ಸಾ, ಈ ಸಾಲು ಯಾಕದೆ? ತೆಗೆದ್ಬುಡನ."

"ಬ್ಯಾಡ ಕಣಮ್ಮಿ. ಅದು ನಮ್ಮ ಭಾವಂದು."

"ಭಾವಂದಾದ್ರೆ ಕಟ್ಟು ಹಾಕ್ಸಿ ಗೋಡೆಗೆ ನೇತಾಕಿ ಸಾ. ಇಲ್ಲಿ ಅಡ್ಡ ಬತ್ತದೆ."

ವಾರಗಟ್ಟಲೆ ಮುಟ್ಟಲು ಬಿಡಲಿಲ್ಲ. ಸಾಲು ಉಳಿದರೆ ನಿಮ್ಮ ಲೈಬ್ರರಿ ಕಾಲೇಜಿನ ಆ ಮುದಿ ಯಂತ್ರದ ಜೊತೆಗೇ ಮುಗಿಯುತ್ತದೆ. ಸಾಲು ಹೋದರೆ... ನಿನ್ನೆ ತೆಗೆ ಅಂದೆ. ತೆಗೆದಳು. ತಯಾರಾಯಿತು ಭಾವ, ಮೊದಲ ಏಟಿಗೇ. ಪರದೆಯ ಮೇಲೆ ನಿಮ್ಮ 'ಅ' ಬಂತು, ನೀವು ಪಟ್ಟು ಹಿಡಿದು ದುಂಡಗೆ ಮಾಡಿಸಿದ ಅದೇ ಹೊಟ್ಟೆಯೊಡನೆ. ಮಂಗಳ ನನ್ನತ್ತ ತಿರುಗಿ, "ಈ ಸಾಲು ಬ್ಯಾಡ ಅಂತ ನಿಮ್ಗೆ ಮೊದ್ಲೇ ಗೊತ್ತಿತ್ತಾ ಸಾ?" ಅಂದಳು.

ಗೊತ್ತಿತ್ತು ಭಾವ. ಟೈಪ್‌ರೈಟರಿನ ಅಭ್ಯಾಸ, ಪ್ರತಿ ಆಜ್ಞೆಯ ಮೊದಲು, ಪ್ಯಾರಾ ಶುರು ಮಾಡುವವನಂತೆ, ಐದು ಸಲ ಸ್ಪೇಸ್ ಒತ್ತುತ್ತಿದ್ದೆ. ಯುನಿಕ್ಸು ಕೇಳುತ್ತಿದ್ದದ್ದು ಟ್ಯಾಬ್ ಕೀಲಿಯ ಒಂದೇ ಒತ್ತು. ಡಾಸು, ವಿಂಡೋಸು ನನ್ನ ಸ್ಪೇಸುಗಳನ್ನು ಸಹಿಸಿಕೊಂಡಿದ್ದವು. ಆ ನಾಲ್ಕನೆಯ ಭಾನುವಾರ, ನೀವು ಕಣ್ಣಿಗೆ ಔಷಧಿ ಬಿಟ್ಟುಕೊಂಡು ರೆಪ್ಪೆ ಮುಚ್ಚಿ ಕೂತಿದ್ದಾಗ, ಲ್ಯಾಬಿನ ಪುಸ್ತಕದಲ್ಲಿ ಅದನ್ನು ಓದಿ ಸದ್ದಿಲ್ಲದೆ ತಿದ್ದಿದೆ. ನೀವು ನಕಲಿನ ಸಾಲು ಹೇಳಿದ್ದು ಅದಾದ ಮೇಲೆ. ನಿಮ್ಮ ತಲೆ ಆ ಮೂರು ವಾರವೂ ಸರಿಯಾಗಿಯೇ ಓಡುತ್ತಿತ್ತು. ತಪ್ಪು ನನ್ನ ಹೆಬ್ಬೆರಳಿನದು.