ಅಮ್ಮನ ಚಪ್ಪಾಳೆ

ದೇರೆಬೈಲ್, ಮಂಗಳೂರು
೧೨ ನವೆಂಬರ್ ೧೯೬೪

ಪ್ರೀತಿಯ ಸಿಪ್ರಿ,

ನೀನು ಕ್ಷೇಮವಾಗಿ ಬೊಂಬಾಯಿ ಮುಟ್ಟಿರಬೇಕು. ಇಲ್ಲಿ ನನಗೆ ಮುಖ ಎತ್ತಿ ನಡೆಯುವ ಹಾಗಿಲ್ಲ. ನೀನು ಚರ್ಚ್ ಹಾಲಿನ ಪಿಯಾನೋ ಮುಂದೆ ಹತ್ತು ನಿಮಿಷ ಸುಮ್ಮನೆ ಕುಳಿತೆ. ಒಂದು ಸ್ವರವನ್ನೂ ನುಡಿಸದೆ ಎದ್ದು, "ಇಷ್ಟು ಹೊತ್ತು ನೀವು ಕೇಳಿದ್ದೇ ಸಂಗೀತ" ಎಂದೆ. ಆ ಸಂಗೀತವನ್ನು ನಾನೂ ಕೇಳಿದೆ: ಗ್ಲ್ಯಾಡಿಸ್ ಟೀಚರ ಕೆಮ್ಮು, ಬಸ್ಸಿನ ಹಾರ್ನ್, ಹಂಚಿನ ಮೇಲೆ ಕಾಗೆಯ ಓಡಾಟ. ಇದಕ್ಕೆ ಊರಿಗೆಲ್ಲ ಹೇಳಿ ಕರೆಸಿದವಳು ನಾನು! "ನಿನ್ನ ತಮ್ಮನಿಗೆ ಎಂತ ಆಗಿದೆ ಮಾರಾಯ್ತಿ?" ಎಂದು ಈಗಲೂ ಕೇಳುತ್ತಾರೆ.

ಚಪ್ಪಾಳೆ ತಟ್ಟಿದ್ದು ಅಮ್ಮ ಒಬ್ಬಳೇ. ಹಿಂದಿನ ಸಾಲಿನಿಂದ ಅವಳಿಗೆ ನಿನ್ನ ಬೆನ್ನು ಮಾತ್ರ ಕಾಣುತ್ತಿತ್ತು. ಮನೆಗೆ ಬರುವಾಗ ಹೇಳಿದಳು: "ಎಷ್ಟು ಚಂದ ಬಾರಿಸಿದ ನೋಡು. ಒಬ್ಬರೂ ಅಲ್ಲಾಡಲಿಲ್ಲ."

ತಮಾಷೆ ಮಾಡುತ್ತಾಳೆಂದು ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಏನೋ ಸಂಶಯ ಬಂದು, ಅಡುಗೆಮನೆಯಲ್ಲಿ ಅವಳ ಹಿಂದೆ ನಿಂತು ಮೂರು ಸಲ ಕರೆದೆ. ಅವಳು ತಿರುಗಲಿಲ್ಲ. ಕರೆದರೆ ಓಗೊಡುವುದಿಲ್ಲವೆಂದು ಒಂದು ವರ್ಷದಿಂದ ಅವಳನ್ನು ಗದರುತ್ತಿದ್ದವಳು ನಾನೇ.

ಕ್ರಿಸ್ಮಸ್‌ಗೆ ತಪ್ಪದೆ ಬಾ. ಕಿವಿಯ ಡಾಕ್ಟರ ಹತ್ತಿರ ಅವಳನ್ನು ನೀನೇ ಒಪ್ಪಿಸಿ ಕರೆದುಕೊಂಡು ಹೋಗಬೇಕು. ಚರ್ಚ್ ಹಾಲಿನಲ್ಲಿ ಪಿಯಾನೋಕ್ಕೆ ತಾಗಿಸಿಯೇ ಅವಳ ಕುರ್ಚಿ ಹಾಕುತ್ತೇನೆ. ಈ ಸಲ ದಯವಿಟ್ಟು ಏನಾದರೂ ಬಾರಿಸು. ಜೋರಾಗಿ ಬಾರಿಸು.

ನಿನ್ನ ಅಕ್ಕ,
ಬರ್ನಡೆಟ್