ಕೈಗೆ ಪುರುಸೊತ್ತಿರಲಿಲ್ಲ

ಅಡುಗೆಮನೆಯ ಮೇಜಿನಿಂದ,
ಮಾರ್ಚ್ ೧೪, ಬೆಳಿಗ್ಗೆ

ನನ್ನ ಮುದ್ದಿನ ಸೊಸೆಗೆ,

ಹೇಗಿದ್ದೀಯಮ್ಮ? ಬೆನ್ನು ಹೇಗಿದೆ? ಹೋದ ವಾರ ವಿಡಿಯೋದಲ್ಲಿ ನಿನ್ನ ಮುಖ ಊದಿಕೊಂಡಂತಿತ್ತು. ಬಾಹ್ಯಾಕಾಶದಲ್ಲಿ ರಕ್ತವೆಲ್ಲ ತಲೆಗೇರುತ್ತದೆ, ಗಾಬರಿಯಾಗಬೇಡ ಎಂದು ನಿನ್ನ ಗಂಡ ನನಗೆ ಪಾಠ ಹೇಳಿದ. ನನಗೇನೋ ನೀನು ಚೆನ್ನಾಗಿ ನಿದ್ದೆ ಮಾಡಿ ಎದ್ದ ಹಾಗೆ ಕಂಡಿತು. ಇಲ್ಲಿ ಎಲ್ಲರೂ ಕ್ಷೇಮ. ನನ್ನ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಈ ಕಾಗದದ ಫೋಟೋ ತೆಗೆದು ಬಾಹ್ಯಾಕಾಶ ಕೇಂದ್ರದವರು ನಿನಗೆ ಕಳಿಸುತ್ತಾರಂತೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೆ ಹೊಂದಿಸಿಕೊಂಡು ಓದಿಕೋ.

ನಿನ್ನೆ ಪತ್ರಿಕೆಯ ಹುಡುಗಿಯೊಬ್ಬಳು ಬಂದು ನಿನ್ನ ಬಗ್ಗೆ ಹೇಳಿ ಅಂದಳು. ವಾಯುಪಡೆಯಲ್ಲಿ ಹನ್ನೆರಡು ವರ್ಷ ಹಾರಿದ್ದು, ಪದಕ ಬಂದದ್ದು, ಎಲ್ಲ ಅವಳಿಗೇ ಬಾಯಿಪಾಠ. ಹಾಗಾಗಿ ನಾನು ಆ ಮಂಗಳವಾರದ ಕಥೆ ಹೇಳಿದೆ. ಹೊಸ ವಿಮಾನದ ಪರೀಕ್ಷೆಗೆ ಹೋದ ನಿನಗೆ ಆಕಾಶದಲ್ಲೇ ಎಂಜಿನ್ ನಿಂತುಹೋಯಿತು. ವಿಮಾನ ಬಿಟ್ಟು ಜಿಗಿ ಎಂದು ರೇಡಿಯೋದಲ್ಲಿ ಆಜ್ಞೆ. ಕೆಳಗೆ ನೋಡಿದರೆ ಸಾಲು ಸಾಲು ಮನೆ. ನೀನು ಜಿಗಿಯಲಿಲ್ಲ. ಉಸಿರಿಲ್ಲದ ವಿಮಾನವನ್ನು ತೇಲಿಸಿಕೊಂಡು ಬಂದು ರನ್‌ವೇಗೆ ಅಪ್ಪಳಿಸಿದೆ. ಬೆನ್ನುಮೂಳೆ ಬಿರುಕು ಬಿಟ್ಟಿತು. ಆಸ್ಪತ್ರೆಯಲ್ಲಿ ನಾನು ರೇಗಿದ್ದು ನೆನಪಿದೆಯಾ? "ಮನೇಲಿ ಎರಡು ವರ್ಷದ ಮಗು ಇದೆ, ನಿನಗೆ ಭಯ ಆಗ್ಲಿಲ್ವೇನೇ?" ಎಂದು ಕೂಗಾಡಿದ್ದೆ. ನೀನು ಮಲಗಿದಲ್ಲಿಂದಲೇ, "ಭಯ ಆಯ್ತು ಅತ್ತೆ, ಆದ್ರೆ ನಡುಗೋಕೆ ಕೈಗೆ ಪುರುಸೊತ್ತಿರಲಿಲ್ಲ" ಅಂದೆ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಇನ್ನು ಹಾರುವ ಮಾತೇ ಇಲ್ಲ ಎಂದರು ಡಾಕ್ಟರು. ಅವರಿಗೆ ತಲೆಯಾಡಿಸಿ ಮನೆಗೆ ಬಂದವಳು ಗಗನಯಾತ್ರಿಯಾಗಲು ಅರ್ಜಿ ಹಾಕಿದೆ! ಎರಡು ಸಲ ಬೇಡವೆಂದರು. ಏಳು ವರ್ಷ ಬೆಳಗಾದರೆ ನಡುಮನೆಯಲ್ಲಿ ಬೆನ್ನಿನ ವ್ಯಾಯಾಮ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಎಣಿಸಲು ನಾನು. ಎಣಿಕೆ ಎಪ್ಪತ್ತಾದರೂ ಅರವತ್ತೇ ಆಯಿತೆಂದು ಸುಳ್ಳು ಹೇಳುತ್ತಿದ್ದೆ; ಈಗ ಒಪ್ಪಿಕೊಂಡುಬಿಡುತ್ತೇನೆ. ಮೂರನೇ ಸಲ ಆಯ್ಕೆಯಾದ ಸುದ್ದಿ ಬಂದಾಗ ನಲವತ್ತರ ಹೆಂಗಸು ಸೋಫಾ ಮೇಲೆ ಕುಣಿದು ಸ್ಪ್ರಿಂಗ್ ಮುರಿದೆಯಲ್ಲ, ಅದು ಇನ್ನೂ ಹಾಗೇ ಇದೆ. ಬಂದವರನ್ನು ನಾವು ಆ ಕಡೆ ಕೂರಿಸುವುದಿಲ್ಲ.

ನಿನ್ನ ಮಗಳು ಕೂದಲು ಗಿಡ್ಡ ಮಾಡಿಸಿಕೊಂಡಿದ್ದಾಳೆ. ನೋಡಿ ಕಿರುಚಬೇಡ, ಅವಳಿಗೆ ಒಪ್ಪುತ್ತದೆ.

ಅಲ್ಲಿ ನಿನ್ನ ಜೊತೆಯಲ್ಲಿರುವ ಇಬ್ಬರಿಗೂ ನನ್ನ ಆಶೀರ್ವಾದದಲ್ಲಿ ಸ್ವಲ್ಪ ಹಂಚು, ಉಳಿದದ್ದೆಲ್ಲ ನಿನಗೇ.

ನಿನ್ನ ಅತ್ತೆ

ತಾ.ಕ.: ನಿನ್ನ ಬದಲಿಗೆ ಬರಬೇಕಾದವರು ಕಾಲು ಮುರಿದುಕೊಂಡಿದ್ದಾರಂತೆ. ಇನ್ನೂ ಮೂರು ತಿಂಗಳು ಅಲ್ಲೇ ಇರುತ್ತೀಯಾ ಎಂದದ್ದಕ್ಕೆ "ಮನೆಯವರನ್ನ ಕೇಳಿ ಹೇಳ್ತೀನಿ" ಅಂದೆಯಂತೆ. ನಿಮ್ಮ ಅಧಿಕಾರಿ ಫೋನ್ ಮಾಡಿದ್ದರು. ನಿನ್ನ ಗಂಡ ಎರಡು ಸಲ ಅಂಗಳ ಸುತ್ತಿ ಬಂದು ಹೂಂ ಅಂದ. ಮಗಳು ಬಾಗಿಲು ಹಾಕಿಕೊಂಡು ಅತ್ತಳು, ಮುಖ ತೊಳೆದು ಬಂದು "ಅಮ್ಮ ಇರ್ಲಿ" ಅಂದಳು. ಮನೆಯ ಉತ್ತರ ಕೊಟ್ಟಾಗಿದೆ. ಇನ್ನು ನಿನ್ನದು ನೀನು ಹೇಳು, ಮಗಳೇ.