ರಜೆ ದಿನದ ಮಾತ್ರೆ

ಜೂನ್ 4, ಬೆಳಿಗ್ಗೆ 5
ಡ್ಯೂಟಿ ಇದೆ. ಡಿಪ್ರೆಶನ್ನಿಗೆ ಕೊಟ್ಟ ಮಾತ್ರೆ ನುಂಗಲಿಲ್ಲ. ನುಂಗಿದರೆ ಮೊದಲ ಟ್ರಿಪ್ಪಿನಲ್ಲೇ ಕಣ್ಣು ಎಳೆಯುತ್ತದೆ, ನಾಲಿಗೆ ಒಣಗಿ ಅಂಗುಳಿಗೆ ಅಂಟುತ್ತದೆ. ಬಸ್ ತುಂಬ ಜನ, ತೂಕಡಿಸುವ ಡ್ರೈವರ್ — ಚೆನ್ನಾಗಿರುತ್ತದೆ! ಅದಕ್ಕೇ ನನ್ನದೇ ಏರ್ಪಾಡು: ಡ್ಯೂಟಿ ದಿನ ಬೇಡ, ವಾರದ ರಜೆಗೆ ಮಾತ್ರ. ನುಂಗಿದಿರಾ ಎಂದು ಹೆಂಡತಿ ಕೇಳಿದಳು. ಹೂಂ ಎಂದು ತಲೆಯಾಡಿಸಿದೆ. ಮಾತ್ರೆ ಶರ್ಟಿನ ಜೇಬಿನಲ್ಲಿ.

ಜೂನ್ 8, ರಜೆ
ನುಂಗಿದೆ. ಹೊಟ್ಟೆ ತೊಳೆಸಿತು. ಇಡೀ ದಿನ ನಿದ್ದೆ. ಮಗಳು ತಾನು ಬರೆದ ಚಿತ್ರ ತಂದು ತೋರಿಸಿದಳು. ಸಂತೋಷ ಆಗಲಿಲ್ಲ. ಆಗಬೇಕಿತ್ತು... ಗೋಡೆ ನೋಡುತ್ತಾ ಚೆನ್ನಾಗಿದೆ ಎಂದೆ.

ಜೂನ್ 19
ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ಕತ್ತು ತಿರುಗಿಸಿದರೆ ಸಾಕು. ಕನ್ನಡಿ ನೋಡದೆ ಬಸ್ ಓಡಿಸುವುದು ಹೇಗೆ? ಮಾರ್ಕೆಟ್ ತಿರುವಿನಲ್ಲಿ ಹೊಡೆಯಿತು — ಗಕ್ಕನೆ ಬ್ರೇಕ್ ಒತ್ತಿಬಿಟ್ಟೆ. ನಿಂತಿದ್ದ ಅಜ್ಜಿಯೊಬ್ಬರು ಬಿದ್ದರು. ನನ್ನ ಕಂಡಕ್ಟರನ ತುಟಿ ಒಡೆಯಿತು. ನಾಯಿ ಅಡ್ಡ ಬಂತೆಂದು ಅವನೇ ಜನರನ್ನು ಸಮಾಧಾನ ಮಾಡಿದ. ಡಿಪೋದಲ್ಲಿ ಕರ್ಚೀಫ್ ಒತ್ತಿಕೊಂಡು ಹೇಳಿದ: "ಗುರುವೇ, ಇವತ್ತೇನೋ ನಾಯಿ ಮೇಲೆ ಹಾಕ್ದೆ. ನಾಳೆ ಏನ್ ಹೇಳ್ಲಿ?"
ನಾಚಿಕೆಯಿಂದ ಕುಗ್ಗಿಹೋದೆ.

ಜೂನ್ 20, ಮಧ್ಯಾಹ್ನ
ಹೆಂಡತಿಗೆ ಎಲ್ಲ ಹೇಳಿದೆ. ಬಟ್ಟೆ ಒಗೆಯುವಾಗ ಜೇಬಿನಲ್ಲಿ ಕರಗಿದ ಮಾತ್ರೆ ಸಿಗುತ್ತಿತ್ತಂತೆ. ನಾನೇ ಬಾಯಿಬಿಡಲಿ ಎಂದು ಕಾಯುತ್ತಿದ್ದಳಂತೆ. ಬೈದಿದ್ದರೆ ವಾಸಿಯಿತ್ತು.

ಜೂನ್ 21, ಸಂಜೆ
ಡಾಕ್ಟರೂ ಬೈಯಲಿಲ್ಲ. ಕರೆಂಟ್ ಹೊಡೆಯುವುದು ಮಾತ್ರೆ ಬಿಟ್ಟು ಬಿಟ್ಟು ನುಂಗಿದ್ದರಿಂದ ಎಂದರು. ಕಡಿಮೆ ಡೋಸಿನಿಂದ ಮತ್ತೆ ಶುರು, ಅದೂ ರಾತ್ರಿ ಮಲಗುವಾಗ. ಬಾಯಿ ಒಣಗಿದರೆ ಗುಟುಕು ಗುಟುಕಾಗಿ ನೀರು. ಹೊಟ್ಟೆ ತೊಳೆಸುವುದು ಬರುಬರುತ್ತಾ ಇಳಿಯುತ್ತದೆ, ಇಳಿಯದಿದ್ದರೆ ಬೇರೆ ಮಾತ್ರೆ ಇದೆ — ನೀವಾಗಿ ನಿಲ್ಲಿಸಬೇಡಿ, ಫೋನ್ ಮಾಡಿ ಎಂದರು. ಮೈ ಹೊಂದಿಕೊಳ್ಳುವವರೆಗೆ ಸ್ಟೇರಿಂಗ್ ಮುಟ್ಟುವ ಹಾಗಿಲ್ಲ. ಇಷ್ಟು ವರ್ಷ ಕೂತ ಸೀಟು...

ಕೊನೆಗೆ, ಸಾಯುವ ಯೋಚನೆ ಬರುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. ಥಟ್ಟನೆ.

ಹೊರಗೆ ಬಂದೆವು. ಹೆಂಡತಿ ಮೆಟ್ಟಿಲು ಇಳಿಯಲಿಲ್ಲ.

"ಅವ್ರ ಹತ್ರಾನೂ ಸುಳ್ಳು ಹೇಳ್ತೀರಾ?"

ವಾಪಸ್ ಒಳಗೆ ಹೋದೆವು. ಬರುತ್ತದೆ ಎಂದೆ. ಡಾಕ್ಟರ್ ಪೆನ್ನು ಕೆಳಗಿಟ್ಟರು. ಯಾವಾಗ ಎಂದರು. ಹೆಂಡತಿ ನನ್ನ ಕೈ ಹಿಡಿದುಕೊಂಡಳು. ಬಸ್ ಓಡಿಸುವಾಗ ಎಂದೆ. ಸೇತುವೆ ಬಂದಾಗ. ಹಿಂದೆ ಜನ ಕೂತಿದ್ದಾರೆ ಎಂಬುದೂ ಆಗ ನನಗೆ ನೆನಪಿರುವುದಿಲ್ಲ ಎಂದೆ.